ಗೊಂಬೆ ಒಂದು, ಉಡುಗೊರೆ ಐದು

ಮನೆಖರ್ಚಿನ ಪುಸ್ತಕದಲ್ಲಿ ಉಡುಗೊರೆಗೆಂದೇ ಒಂದು ಕಾಲಂ ಇಡುವವರು ಕಡಿಮೆ. ಅದು ‘ಇತರೆ’ಯಲ್ಲಿ ಸೇರಿಹೋಗುತ್ತದೆ. ಅಣ್ಣನ ಮಕ್ಕಳು, ತಂಗಿಯ ಮಕ್ಕಳು, ಪಕ್ಕದ ಮನೆಯ ಪಾಪು ಎಂದು ಪಟ್ಟಿ ಮಾಡಿದರೆ ವರ್ಷಕ್ಕೆ ಹತ್ತು ಹುಟ್ಟುಹಬ್ಬ ಬರುತ್ತವೆ. ತಲಾ ₹500 ಎಂದರೂ ₹5,000. ನಾನು ಹತ್ತಿರದ ಮಕ್ಕಳಿಗೆ ಕ್ರೋಶಾ ಗೊಂಬೆ ಹಾಕಿಕೊಡಲು ತೊಡಗಿದ ಮೇಲೆ ಈ ಕಾಲಮ್ಮನ್ನು ಬೇರೆಯಾಗಿಯೇ ಬರೆದಿಡುತ್ತಿದ್ದೇನೆ.

ಗೇಣುದ್ದದ ಗೊಂಬೆಗೆ ಮೈ, ಕೂದಲು, ಫ್ರಾಕು ಸೇರಿ ಸುಮಾರು 100 ಗ್ರಾಂ ದಾರ ಸಾಕು. ಆದರೆ ಅಂಗಡಿಯಲ್ಲಿ ಬಣ್ಣಕ್ಕೊಂದು ಉಂಡೆಯನ್ನೇ ಕೊಳ್ಳಬೇಕು. ನಾಲ್ಕು ಬಣ್ಣದ ಹತ್ತಿ ದಾರ, ಒಳಗೆ ತುಂಬಲು ಫೈಬರ್, ಒಂದು ಕ್ರೋಶಾ ಕಡ್ಡಿ ಎಲ್ಲ ಸೇರಿ ನನಗೆ ₹500ರ ಹತ್ತಿರ ಆಗುತ್ತದೆ. ಅಂದರೆ ಮೊದಲ ಗೊಂಬೆಯಲ್ಲಿ ಉಳಿತಾಯವೇನೂ ಇಲ್ಲ. ಉಳಿತಾಯವಿರುವುದು ಮಿಕ್ಕ ದಾರದಲ್ಲಿ.

ಹಳೇ ಮೈಸೂರು ಕಡೆಯ ಮನೆಗಳಲ್ಲಿ ಮದುವೆಯಲ್ಲಿ ಮಗಳಿಗೆ ಕೊಟ್ಟ ಮರದ ಪಟ್ಟದ ಗೊಂಬೆಗಳನ್ನು ಪ್ರತಿ ನವರಾತ್ರಿಗೂ ಹೊಸದಾಗಿ ಸಿಂಗರಿಸುತ್ತಾರೆ. ರಾಜ-ರಾಣಿ ಅವರೇ, ಸೀರೆ-ಪೇಟ ಹೊಸದು. ನಾನು ಹಿಡಿದದ್ದೂ ಇದೇ ದಾರಿ. ಮೊದಲ ವರ್ಷ ಗೊಂಬೆ, ಮುಂದಿನ ನಾಲ್ಕು ವರ್ಷ ಅದೇ ಗೊಂಬೆಗೆ ಉಡುಗೆ: ಲಂಗ-ರವಿಕೆ, ಸ್ವೆಟರ್-ಟೋಪಿ, ಶಾಲೆಗೆ ಸೇರಿದ ವರ್ಷ ಮಗುವಿನದೇ ಬಣ್ಣದ ಯೂನಿಫಾರ್ಮ್. ಒಂದು ಉಡುಗೆಗೆ 15-20 ಗ್ರಾಂ ದಾರ ಸಾಕಾಗುವುದರಿಂದ ಬಹುಪಾಲು ಮಿಕ್ಕಿದ್ದರಲ್ಲೇ ಆಗುತ್ತದೆ. ಹೊಸ ಬಣ್ಣ ಬೇಕಾದಾಗ ಮಾತ್ರ ಒಂದು ಉಂಡೆ ಕೊಳ್ಳುತ್ತೇನೆ. ಐದು ವರ್ಷದ ಐದು ಉಡುಗೊರೆಗೆ ಒಟ್ಟು ₹700. ಅಂಗಡಿಯದಾದರೆ ₹2,500.

ಈ ಗೊಂಬೆ ಐದು ವರ್ಷ ಬಾಳಬೇಕಾದ್ದರಿಂದ ಕೆಲವು ವಿಷಯಗಳಲ್ಲಿ ನಾನು ಕಟ್ಟುನಿಟ್ಟು. ದಾರದ ಚೀಟಿಯಲ್ಲಿ ಹೇಳಿದ್ದಕ್ಕಿಂತ ಸಣ್ಣ ಕಡ್ಡಿ ಹಿಡಿದು ಬಿಗಿಯಾಗಿ ಹಾಕಿದರೆ ಒಳಗಿನ ಫೈಬರ್ ಹೊರಬರುವುದಿಲ್ಲ. ಗೊಂಬೆಯ ತಲೆ ದಪ್ಪವಿರುವುದರಿಂದ ಅಂಗಿಗಳನ್ನು ಬೆನ್ನ ಕಡೆ ಬಿಟ್ಟು, ದಾರದಿಂದ ಕಟ್ಟುವಂತೆ ಮಾಡುತ್ತೇನೆ. ಮಗು ತಾನೇ ತೊಡಿಸಿ ಬಿಚ್ಚಬಹುದು. ಮೂರು ವರ್ಷದೊಳಗಿನ ಮಕ್ಕಳಿಗಾದರೆ ಗುಂಡಿ, ಮಣಿ, ಪ್ಲಾಸ್ಟಿಕ್ ಕಣ್ಣು ಯಾವುದೂ ಬೇಡ. ಕಿತ್ತು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕಣ್ಣು-ಬಾಯಿಯನ್ನು ದಾರದಲ್ಲೇ ಕಸೂತಿ ಹಾಕಿ.

ಈಗ ಸಮಯದ ಲೆಕ್ಕ. ಗೊಂಬೆಗೆ ಸುಮಾರು 15 ಗಂಟೆ, ಉಡುಗೆಗೆ ಮೂರು ಗಂಟೆಯಂತೆ ನಾಲ್ಕಕ್ಕೆ 12. ಒಟ್ಟು 27 ಗಂಟೆಯಲ್ಲಿ ಉಳಿದದ್ದು ₹1,800, ಅಂದರೆ ಗಂಟೆಗೆ ₹70ಕ್ಕೂ ಕಡಿಮೆ. ಹಾಗಾಗಿ ದುಡ್ಡು ಉಳಿಸಲೆಂದೇ ಕ್ರೋಶಾ ಹಿಡಿಯಿರಿ ಎಂದು ಯಾರಿಗೂ ಹೇಳಲಾರೆ. ಆ ಗಂಟೆಗಳನ್ನು ಸಂತೋಷದಿಂದ ಕೊಡಬಹುದಾದ ಎರಡು-ಮೂರು ಮಕ್ಕಳನ್ನು ಆರಿಸಿಕೊಳ್ಳಿ. ಉಳಿದ ಹುಟ್ಟುಹಬ್ಬಗಳಿಗೆ ಒಳ್ಳೆಯ ಪುಸ್ತಕ ಕೊಳ್ಳಿ.

ಗೊಂಬೆ ನೋಡಿದವರು ಕೇಳಿಯೇ ಕೇಳುತ್ತಾರೆ: “ಅಕ್ಕಾ, ನಮ್ಮ ಪಾಪುಗೂ ಒಂದು ಹಾಕ್ಕೊಡಿ, ಉಲ್ಲನ್ ದುಡ್ಡು ನಾನೇ ಕೊಡ್ತೀನಿ.” ಹದಿನೈದು ಗಂಟೆಯ ಕೆಲಸಕ್ಕೆ ಗಂಟೆಗೆ ₹100 ಹಿಡಿದರೂ ಕೂಲಿಯೇ ₹1,500 ಎಂದು ನಾನು ನೇರವಾಗಿ ಹೇಳುತ್ತೇನೆ. ಇದನ್ನೇ ವ್ಯಾಪಾರ ಮಾಡಿಕೊಳ್ಳುವವರು ನಿಯಮವನ್ನೂ ತಿಳಿದಿರಬೇಕು. 2021ರ ಜನವರಿ 1ರಿಂದ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗಳಿಗೆ ಇದರಿಂದ ವಿನಾಯಿತಿ ಇದೆ. ಮೊದಲು ನೋಂದಣಿ, ಆಮೇಲೆ ಮಾರಾಟ.

ದಾರದ ದುಡ್ಡಿಗೆ ಮಾತ್ರ ಗೊಂಬೆ ಹಾಕಿಕೊಡಬೇಡಿ. ನಿಮ್ಮ ಪ್ರೀತಿಯ ಮಗುವಿಗಾದರೆ ದಾರದ ದುಡ್ಡನ್ನೂ ಕೇಳದೆ ಕೊಡಿ. ಬೇರೆಯವರಿಗಾದರೆ ಪೂರ್ತಿ ಕೂಲಿ ತೆಗೆದುಕೊಳ್ಳಿ.