ಹೊನ್ನೆಯ ಲೋಟವೂ ಮಧುಮೇಹವೂ

ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕುಡಿದರೆ ಮಧುಮೇಹವು ಹತೋಟಿಗೆ ಬರುವುದೆಂಬ ನಂಬಿಕೆ ನಮ್ಮ ನಾಡಿನಲ್ಲಿ ಬಹು ಹಿಂದಿನದು. ಮಧುವನಹಳ್ಳಿಯ ಸುತ್ತಿನವರಿಗೆ ಈ ಮರವು ಅಪರಿಚಿತವಲ್ಲ. ಬಿಳಿಗಿರಿರಂಗನ ಬೆಟ್ಟದ ಎಲೆಯುದುರುವ ಕಾಡುಗಳಲ್ಲಿ ಅದು ಸಹಜವಾಗಿ ಬೆಳೆಯುತ್ತದೆ. (ಊರಿನ ಹೆಸರಿನಲ್ಲಿಯೂ ರೋಗದ ಹೆಸರಿನಲ್ಲಿಯೂ ‘ಮಧು’ ಇರುವುದು ಕೇವಲ ಆಕಸ್ಮಿಕ.) ಸುಶ್ರುತಸಂಹಿತೆಯು ಇದನ್ನು ‘ಅಸನ’ವೆಂಬ ಹೆಸರಿನಿಂದ ಸಾಲಸಾರಾದಿ ಗಣದಲ್ಲಿ ಸೇರಿಸಿ, ಆ ಗಣವು ಪ್ರಮೇಹವನ್ನು ಶಮನಗೊಳಿಸುವುದೆಂದು ಹೇಳಿದೆ. ಆದುದರಿಂದ ನಂಬಿಕೆಯು ನಿರಾಧಾರವೆನ್ನಲಾಗದು. ಪ್ರಶ್ನೆಯಿರುವುದು ಪ್ರಮಾಣದಲ್ಲಿ; ಪುರಾವೆಯೆಂಬ ಅರ್ಥದಲ್ಲಿಯೂ ಅಳತೆಯೆಂಬ ಅರ್ಥದಲ್ಲಿಯೂ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೊನ್ನೆಯನ್ನು ಪರೀಕ್ಷಿಸಿತು. ಇನ್ಸುಲಿನ್ನನ್ನು ಅವಲಂಬಿಸದ, ಹೊಸದಾಗಿ ರೋಗ ಪತ್ತೆಯಾದ 97 ಮಂದಿಗೆ ಅಳೆದು ಕೊಟ್ಟ ಸಾರದಿಂದ 12 ವಾರಗಳಲ್ಲಿ 67 ಮಂದಿಯ ಸಕ್ಕರೆ ಹತೋಟಿಗೆ ಬಂದಿತೆಂದು 1998ರಲ್ಲಿ ವರದಿಯಾಯಿತು. ಫಲವು ಆಶಾದಾಯಕವೇ ಸರಿ. ಆದರೆ ಹೋಲಿಸಿ ನೋಡಲು ಔಷಧವಿಲ್ಲದ ಬೇರೊಂದು ಗುಂಪು ಅಲ್ಲಿರಲಿಲ್ಲ. ಪಥ್ಯದಿಂದ ಎಷ್ಟು, ಹೊನ್ನೆಯಿಂದ ಎಷ್ಟು ಎಂದು ಬೇರ್ಪಡಿಸಿ ಹೇಳುವುದು ಹೇಗೆ? ಲೋಟದ ನೀರಿನ ಮಾತಂತೂ ಬೇರೆಯೇ. ಮರದ ವಯಸ್ಸು, ನೆನೆದ ಕಾಲ, ಲೋಟದ ಹಳತುತನ ಇವುಗಳಿಗನುಸಾರವಾಗಿ ಅದರ ಸತ್ತ್ವವು ಬದಲಾಗುತ್ತದೆ.

ಮಧುನಾಶಿನಿಯ ಎಲೆಯು ಇನ್ನೊಂದು ಭ್ರಮೆಗೆ ಎಡೆಗೊಡುತ್ತದೆ. ಅದನ್ನಗಿದ ಬಳಿಕ ಸಕ್ಕರೆ ಮರಳಿನಂತೆ ಸಪ್ಪೆಯಾಗುವುದು, ಎಲೆಯ ಜಿಮ್ನೆಮಿಕ್ ಆಮ್ಲಗಳು ನಾಲಗೆಯ ಸಿಹಿಗ್ರಾಹಕಗಳನ್ನು ಸ್ವಲ್ಪ ಹೊತ್ತು ತಡೆಯುವುದರಿಂದ. ನಾಲಗೆಯಲ್ಲಿ ಸಿಹಿ ಅಳಿದ ಮಾತ್ರಕ್ಕೆ ರಕ್ತದಲ್ಲಿಯೂ ಅಳಿಯಿತೆಂದಲ್ಲ.

ಗಿಡದಿಂದ ಔಷಧವು ನಿಜವಾಗಿ ಹುಟ್ಟಿದ ಬಗೆಯನ್ನು ಮೆಟ್‌ಫಾರ್ಮಿನ್ ತೋರಿಸುತ್ತದೆ. ಯೂರೋಪಿನ ಗಲೇಗಾ ಗಿಡದ ಗಲೇಗಿನ್ ಎಂಬ ವಸ್ತುವು ಸಕ್ಕರೆಯನ್ನು ಇಳಿಸುತ್ತಿದ್ದರೂ ವಿಷಕಾರಿಯಾಗಿತ್ತು. ಅದರ ರಾಸಾಯನಿಕ ಬಂಧುವಾದ ಮೆಟ್‌ಫಾರ್ಮಿನ್ 1922ರಲ್ಲಿ ಡಬ್ಲಿನ್ನಿನಲ್ಲಿ ತಯಾರಾಯಿತು. ಫ್ರಾನ್ಸಿನ ಜಾನ್ ಸ್ಟೆರ್ನ್ ಅದನ್ನು ಮಧುಮೇಹಿಗಳಿಗೆ ಕೊಟ್ಟು 1957ರಲ್ಲಿ ಫಲವನ್ನು ಪ್ರಕಟಿಸಿದನು. ಮುಖ್ಯವಾಗಿ ಯಕೃತ್ತಿನಿಂದ ಸಕ್ಕರೆ ಹೊರಬೀಳುವುದನ್ನು ತಗ್ಗಿಸುವ ಈ ಮಾತ್ರೆಯು ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿಯೂ ದೊರೆಯುತ್ತದೆ.

ಲೋಟವನ್ನು ನಂಬಿ ಮಾತ್ರೆಯನ್ನು ನಿಲ್ಲಿಸುವವರಿಗೆ ಕಣ್ಣು, ಮೂತ್ರಪಿಂಡ, ಕಾಲುಗಳ ನಷ್ಟವು ಸದ್ದಿಲ್ಲದೆ ಬಂದೊದಗುತ್ತದೆ. ಇನ್ಸುಲಿನ್ ಬೇಕೇ ಬೇಕಾದ ಮಕ್ಕಳಿಗಂತೂ ಅದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯ. ಎರಡನ್ನೂ ಒಟ್ಟಿಗೆ ಬಳಸುವವರಲ್ಲಿ ಸಕ್ಕರೆ ಮಿತಿಮೀರಿ ಇಳಿದು ಬೆವರು, ನಡುಕ, ಪ್ರಜ್ಞಾಹೀನತೆ ಉಂಟಾಗಬಹುದು. ಆದಕಾರಣ ಲೋಟದ ವಿಷಯವನ್ನು ವೈದ್ಯರಿಂದ ಮರೆಮಾಚದೆ, ರಕ್ತಪರೀಕ್ಷೆಯ ಚೀಟಿಯೊಡನೆಯೇ ಅವರ ಮುಂದಿಡತಕ್ಕದ್ದು.