ಗಣಕಯಂತ್ರಕ್ಕೊಂದು ಪ್ರಭಾರ ಪಟ್ಟಿ

ಯಾದಗಿರಿಯಿಂದ ಶಹಾಪುರಕ್ಕೋ ಸುರಪುರಕ್ಕೋ ವರ್ಗವಾಗಿ ಹೋಗುವ ಉಪಾಧ್ಯಾಯರು ಪ್ರಭಾರ ಪಟ್ಟಿಯನ್ನು ಬರೆದು, ಬಂದವರಿಗೆ ಒಪ್ಪಿಸಿ ಹೋಗುವುದು ರೂಢಿ. ಮೇಜು, ಕುರ್ಚಿ, ಭೂಪಟಗಳೆಲ್ಲ ಅದರಲ್ಲಿರುತ್ತವೆ. ಗಣಕಯಂತ್ರಗಳ ಎಣಿಕೆಯೂ ಇರುತ್ತದೆ. ಆದರೆ ಯಾವುದರಲ್ಲಿ ಯಾವ ತಂತ್ರಾಂಶವಿದೆ, ಕನ್ನಡ ಮೂಡುವಂತೆ ಏನು ಮಾಡಲಾಗಿದೆ ಎಂಬ ತಿಳಿವಳಿಕೆ ಹೋದವರೊಡನೆಯೇ ಹೋಗಿಬಿಡುತ್ತದೆ. ಕಾಲಕ್ರಮದಲ್ಲಿ ಹತ್ತು ಯಂತ್ರಗಳು ಹತ್ತು ಬಗೆಯಾಗಿ, ದಾನಿಗಳು ಅಕ್ಕರೆಯಿಂದ ಕೊಟ್ಟವು ಮೂಲೆ ಸೇರುತ್ತವೆ.

ಲಿನಕ್ಸ್ ಪ್ರಪಂಚದಲ್ಲಿ ಇದಕ್ಕೊಂದು ಪರಿಹಾರವುಂಟು. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾನಿಲಯದಲ್ಲಿ ಎಲ್ಕೊ ಡೋಲ್‌ಸ್ಟ್ರಾ ಎಂಬವರು 2003ರಲ್ಲಿ ‘ನಿಕ್ಸ್’ ಎಂಬ ಪ್ಯಾಕೇಜ್ ಮ್ಯಾನೇಜರನ್ನು, ಎಂದರೆ ತಂತ್ರಾಂಶಗಳನ್ನು ತಂದು ಜೋಡಿಸುವ ಸಾಧನವನ್ನು, ರೂಪಿಸತೊಡಗಿದರು. ಅದರ ತಳಹದಿಯ ಮೇಲೆ ನಿಂತ ಕಾರ್ಯವ್ಯವಸ್ಥೆಯೇ ‘ನಿಕ್ಸ್‌ಒಎಸ್’. ಇದೇ ತತ್ತ್ವದ ‘ಗೀಕ್ಸ್’ 2012ರಲ್ಲಿ ಗ್ನೂ ಯೋಜನೆಯಿಂದ ಹೊರಬಂದಿತು.

ಉಬುಂಟುವಿನಂತಹ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಒಂದಾದ ಮೇಲೊಂದು ಆಜ್ಞೆ ಕೊಡುತ್ತ ಹೋಗಬೇಕು. ನಿಕ್ಸ್‌ಒಎಸ್‌ನಲ್ಲಾದರೋ ಬೇಕಾದುದನ್ನು ಒಂದು ಕಡತದಲ್ಲಿ ಬರೆಯುತ್ತೇವೆ: ಲಿಬ್ರೆಆಫೀಸ್ ಇರಲಿ, ಲೋಹಿತ್ ಕನ್ನಡ ಅಕ್ಷರರೂಪವಿರಲಿ, ಕನ್ನಡ ಕೀಲಿಮಣೆಯಿರಲಿ. ದಾಸ್ತಾನು ಪುಸ್ತಕವು ಇದ್ದುದನ್ನು ಬರೆದಿಡುತ್ತದೆ. ಈ ಕಡತವು ಬರೆದುದನ್ನು ಉಂಟುಮಾಡುತ್ತದೆ.

ಪ್ರತಿಯೊಂದು ಬದಲಾವಣೆಯಿಂದಲೂ ವ್ಯವಸ್ಥೆಯ ಒಂದು ಹೊಸ ‘ತಲೆಮಾರು’ ಹುಟ್ಟುತ್ತದೆ. ಹಳೆಯದು ಒಡನೆಯೇ ಅಳಿಯುವುದಿಲ್ಲ. ಹೊಸದು ಕೈಕೊಟ್ಟರೆ ಯಂತ್ರವನ್ನು ಮತ್ತೆ ಪ್ರಾರಂಭಿಸುವಾಗ ಹಿಂದಿನದನ್ನು ಆರಿಸಿಕೊಳ್ಳಬಹುದು. ಹೊಸದು ಸಿದ್ಧವಾಗುವ ತನಕ ಹಳೆಯದನ್ನು ಮುಟ್ಟದಿರುವುದರಿಂದ, ನಡುವೆ ವಿದ್ಯುತ್ತು ಹೋದರೂ ವ್ಯವಸ್ಥೆ ಅರೆಬರೆಯಾಗಿ ಉಳಿಯುವ ಭಯ ಕಡಿಮೆ.

ಗುಣದೊಡನೆ ಕೊರತೆಯನ್ನೂ ಹೇಳಬೇಕು. ಹಳೆಯ ತಲೆಮಾರುಗಳು ಡಿಸ್ಕಿನಲ್ಲಿ ಜಾಗ ಹಿಡಿಯುವುದರಿಂದ ಅವನ್ನು ಆಗಾಗ ತೆಗೆಯಬೇಕು. ಕಡತ ಬರೆಯುವ ಭಾಷೆಯನ್ನು ಕಲಿಯಲು ತಾಳ್ಮೆ ಬೇಕು. ತಂತ್ರಾಂಶ ಭಂಡಾರದ ಆವೃತ್ತಿಯನ್ನೂ ನಿಗದಿಪಡಿಸಿ ಬರೆಯದಿದ್ದರೆ, ಅದೇ ಕಡತದಿಂದ ವರ್ಷದ ಮೇಲೆ ಅದೇ ಫಲ ಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಮಕ್ಕಳು ಬರೆದ ಪ್ರಬಂಧಗಳನ್ನು ಈ ಕಡತ ಮರಳಿಸಲಾರದು. ಅವುಗಳ ಪ್ರತಿಯನ್ನು ಬೇರೆಯೇ ಇಡತಕ್ಕದ್ದು.

ಪ್ರಯೋಗಕ್ಕೆ ಆತುರ ಸಲ್ಲದು. ಮೊದಲು ಈಗಿರುವ ಲಿನಕ್ಸಿನೊಳಗೇ ನಿಕ್ಸ್ ಸಾಧನವೊಂದನ್ನೇ ಹಾಕಿ ನೋಡಬಹುದು; ಕೈ ಪಳಗಿದ ಬಳಿಕ ಒಂದು ಯಂತ್ರಕ್ಕೆ ನಿಕ್ಸ್‌ಒಎಸ್ ಅಳವಡಿಸಬಹುದು. ಅದು ಸರಿಹೋದರೆ, ಆಯಾ ಯಂತ್ರದ ಬಿಡಿಭಾಗಗಳ ವಿವರವನ್ನು ಬೇರೆ ಕಡತದಲ್ಲಿಟ್ಟು, ಉಳಿದುದನ್ನು ಎಲ್ಲ ಯಂತ್ರಗಳಿಗೂ ಒಯ್ಯಬಹುದು. ಬೆಂಗಳೂರು, ಹೈದರಾಬಾದುಗಳಲ್ಲಿ ಗಣಕ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಎರಡು ದಿನ ಬಿಡುವು ಮಾಡಿಕೊಂಡು ಉಪಾಧ್ಯಾಯರೊಡನೆ ಕುಳಿತರೆ, ಅದು ಯಂತ್ರದಾನಕ್ಕಿಂತ ಕಡಿಮೆಯಾದ ದಾನವಲ್ಲ. ಕೊನೆಗೆ ಆ ಕಡತವನ್ನು ಮುದ್ರಿಸಿ ಪ್ರಭಾರ ಪಟ್ಟಿಗೆ ಲಗತ್ತಿಸೋಣ. ಗುರುಗಳು ಬದಲಾದರೂ ಕೋಣೆಯ ಪಾಠ ನಿಲ್ಲದು.