ಕೀಚಲು ಸದ್ದಿನ ಬೆಲ್ಟು



ರಾಯಚೂರಿನಿಂದ ಮಹಬೂಬನಗರಕ್ಕೆ ಹೋಗುವ ಹೆದ್ದಾರಿ ನಮ್ಮ ಮಕ್ತಲ್ ಮೂಲಕವೇ ಸಾಗುತ್ತದೆ. ಭತ್ತದ ಚೀಲಗಳನ್ನು ಹೇರಿಕೊಂಡ ಹಳೆಯ ಲಾರಿಗಳನ್ನು ನೀವು ದಿನವೂ ಕಾಣುತ್ತೀರಿ. ಬೆಳಿಗ್ಗೆ ಇಂಜಿನ್ ಚಾಲೂ ಮಾಡಿದೊಡನೆ ಕೆಲವು ಲಾರಿಗಳು 'ಕೀ' ಎಂದು ಕೂಗುವುದುಂಟು. ಆ ಕೂಗಿನ ಕಾರಣವನ್ನು ಹುಡುಕುವ ಬಗೆಯೇ ಈ ಪಾಠದ ವಿಷಯ.

ಒಮ್ಮೆ ನಾನು ರಾಯಚೂರಿನಿಂದ ಲಾರಿಯೊಂದರಲ್ಲಿ ಬರುತ್ತಿದ್ದೆ. ಹೊರಡುವಾಗ ಬೆಲ್ಟು ಕೂಗಿತು. ಚಾಲಕರು ಇಂಜಿನ್ ನಿಲ್ಲಿಸಿ ಬೆಲ್ಟಿಗೆ ಸಾಬೂನು ಉಜ್ಜಿದರು. ಸದ್ದು ನಿಂತಿತು, ದೋಷ ನಿಲ್ಲಲಿಲ್ಲ. ಕೃಷ್ಣಾ ಸೇತುವೆ ದಾಟುವಷ್ಟರಲ್ಲಿ ಬೆಲ್ಟು ಹರಿದು, ರೇಡಿಯೇಟರ್ ಕುದಿಯಿತು. ಆ ದಿನದ ಬಾಡಿಗೆಯೂ ಹೋಯಿತು.

ಬೆಲ್ಟು ಮಾಡುವ ಕೆಲಸವೇನು? ಇಂಜಿನ್ನಿನ ಮುಂಭಾಗದ ಪುಲ್ಲಿಯ ತಿರುಗಾಟವನ್ನು ಅದು ನೀರಿನ ಪಂಪಿಗೂ ಬ್ಯಾಟರಿ ತುಂಬುವ ಆಲ್ಟರ್ನೇಟರಿಗೂ ಮುಟ್ಟಿಸುತ್ತದೆ. ಹಳೆಯ ಲಾರಿಗಳಲ್ಲಿ ಇಳಿಜಾರು ಅಂಚುಗಳ ಫ್ಯಾನ್ ಬೆಲ್ಟು ಇರುತ್ತದೆ. ಈಚಿನವುಗಳಲ್ಲಿ ಅನೇಕ ಪುಲ್ಲಿಗಳ ನಡುವೆ ಹಾವಿನಂತೆ ಸುತ್ತಿಬರುವ ಒಂದೇ ಉದ್ದನೆಯ ಚಪ್ಪಟೆ ಬೆಲ್ಟು. ಅದೇ ಸರ್ಪೆಂಟೈನ್ ಬೆಲ್ಟು. ರಬ್ಬರು ಪುಲ್ಲಿಯನ್ನು ಹಿಡಿದು, ಜಾರಿ, ಮತ್ತೆ ಹಿಡಿಯುವಾಗ ನಡುಗುತ್ತದೆ. ಆ ನಡುಕವೇ ಕೀಚಲು ಸದ್ದು. ಬೆಳಿಗ್ಗೆ ಬ್ಯಾಟರಿಯನ್ನು ತುಂಬಲು ಆಲ್ಟರ್ನೇಟರಿನ ಮೇಲೆ ಹೆಚ್ಚು ಭಾರ ಬೀಳುವುದರಿಂದ ಸಡಿಲ ಬೆಲ್ಟು ಆಗಲೇ ಜಾರುತ್ತದೆ.

ಕಾರಣ ಹುಡುಕುವ ಕ್ರಮ ಹೀಗಿದೆ:

1. ಮೊದಲು ಇಂಜಿನ್ ನಿಲ್ಲಿಸಿ, ಕೀಲಿಯನ್ನು ತೆಗೆದುಕೊಳ್ಳಬೇಕು. ತಿರುಗುವ ಬೆಲ್ಟಿನ ಬಳಿ ಕೈ, ಟವೆಲು, ಸೆರಗು ಸುಳಿಯಬಾರದು.

2. ಬೆಲ್ಟನ್ನು ನೋಡಬೇಕು. ಬಿರುಕು, ಎಣ್ಣೆಯ ಕಲೆ, ಗಾಜಿನಂತೆ ಹೊಳೆಯುವ ಅಂಚು ಕಂಡರೆ ಬದಲಾಯಿಸುವುದೇ ಲೇಸು. ಆದರೆ ಎಣ್ಣೆ ಸೋರುವ ಕಡೆಯನ್ನು ಮೊದಲು ಸರಿಪಡಿಸಬೇಕು. ಇಲ್ಲವಾದರೆ ಹೊಸ ಬೆಲ್ಟೂ ಕೂಗುವುದು.

3. ಫ್ಯಾನ್ ಬೆಲ್ಟಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು ಅರ್ಧ ಅಂಗುಲ ತಗ್ಗಬೇಕು. ಹೆಚ್ಚು ತಗ್ಗಿದರೆ ಸಡಿಲ. ಅತಿ ಬಿಗಿಯೂ ಸಲ್ಲದು. ಪಂಪಿನ ಬೇರಿಂಗು ಸವೆಯುತ್ತದೆ. ಸರ್ಪೆಂಟೈನ್ ಬೆಲ್ಟನ್ನು ಸ್ಪ್ರಿಂಗಿನ ಟೆನ್ಷನರು ಬಿಗಿಹಿಡಿದಿರುತ್ತದೆ. ಅಲ್ಲಿ ಸ್ಪ್ರಿಂಗು ಸೋತಿದೆಯೇ ಎಂದು ನೋಡಬೇಕು.

4. ಪುಲ್ಲಿಗಳೆಲ್ಲ ಒಂದೇ ಸಾಲಿನಲ್ಲಿವೆಯೇ ಎಂದು ಬದಿಯಿಂದ ಪರೀಕ್ಷಿಸಬೇಕು.

5. ಕೊನೆಗೆ ಬೆಲ್ಟನ್ನು ಕಳಚಿ, ಪ್ರತಿ ಪುಲ್ಲಿಯನ್ನೂ ಕೈಯಿಂದ ತಿರುಗಿಸಬೇಕು. ಗರಗರ ಎಂದರೆ ಅಥವಾ ಅಲುಗಾಡಿದರೆ ದೋಷ ಬೇರಿಂಗಿನದು, ಬೆಲ್ಟಿನದಲ್ಲ.

ಅಳುವ ಕೂಸಿನ ಬಾಯಿಯನ್ನು ತಾಯಿ ಮುಚ್ಚುವುದಿಲ್ಲ. ಹಸಿವೆಯೋ ಹೊಟ್ಟೆನೋವೋ ಎಂದು ನೋಡುತ್ತಾಳೆ. ಯಂತ್ರದ ವಿಷಯದಲ್ಲಿಯೂ ಹಾಗೆಯೇ. ಲಾರಿ ನಡೆಸುವ ತಂದೆಯವರಿಗೆ ಈ ಪಾಠವನ್ನು ಓದಿ ಹೇಳಿರಿ. ಅವರ ಅನುಭವದಿಂದ ನೀವೂ ಕಲಿಯಿರಿ.

ಅಭ್ಯಾಸ: ಸಾಬೂನು ಉಜ್ಜಿದಾಗ ಸದ್ದು ನಿಂತರೂ ಬೆಲ್ಟು ಹರಿದುದೇಕೆ? ಬೆಲ್ಟು ಹರಿದರೆ ಇಂಜಿನ್ ಕಾಯುವುದೇಕೆ?